ಯೋಗವಿಜ್ಞಾನದ ಹರಿಕಾರ ಸ್ವಾಮಿ ಕುವಲಯಾನಂದರು

ಮಾನವ ಶರೀರದಲ್ಲಿ ಹಗಲಿರುಳೂ ಎಡೆಬಿಡದೆ ನಡೆಯುವ ವ್ಯಾಪಾರಗಳು ಹಲವು. ಹೃದಯದ ಬಡಿತ, ರಕ್ತದ ಸಂಚಾರ, ಅನ್ನದ ಪಚನ ಇವೆಲ್ಲವೂ ನಮ್ಮ ಇಚ್ಛೆಯನ್ನು ಕೇಳದೆಯೇ ಸಾಗುತ್ತವೆ. ಇವುಗಳ ನಡುವೆ ಉಸಿರಾಟಕ್ಕೆ ವಿಶೇಷವಾದ ಸ್ಥಾನವಿದೆ. ನಾವು ಮರೆತಿದ್ದಾಗ ಅದು ತಾನಾಗಿಯೇ ನಡೆಯುತ್ತದೆ; ಮನಸ್ಸಿಟ್ಟಾಗ ನಮ್ಮ ಮಾತನ್ನೂ ಕೇಳುತ್ತದೆ. ನಮ್ಮ ಅಂಕೆಗೆ ನೇರವಾಗಿ ಸಿಗದ ಒಳಗಿನ ವ್ಯಾಪಾರಗಳನ್ನು ಈ ಒಂದು ಬಾಗಿಲಿನಿಂದ ಮುಟ್ಟಬಹುದೆಂಬುದನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಕಂಡುಕೊಂಡು ಪ್ರಾಣಾಯಾಮ ವಿದ್ಯೆಯನ್ನು ರೂಪಿಸಿದರು. ಶತಮಾನಗಳ ಕಾಲ ಗುರುಶಿಷ್ಯ ಪರಂಪರೆಯಲ್ಲಿ ಗೋಪ್ಯವಾಗಿ ಉಳಿದುಬಂದ ಆ ವಿದ್ಯೆಯನ್ನು ಕ್ಷ-ಕಿರಣ ಯಂತ್ರದ ಮುಂದೆಯೂ ರಕ್ತದೊತ್ತಡದ ಮಾಪಕದ ಮುಂದೆಯೂ ನಿಲ್ಲಿಸಿ, ಅದರ ಸತ್ಯಾಸತ್ಯತೆಯನ್ನು ಅಳೆದು ನೋಡಲು ಮುಂದಾದ ಮಹನೀಯರಲ್ಲಿ ಸ್ವಾಮಿ ಕುವಲಯಾನಂದರು ಅಗ್ರಗಣ್ಯರು.

ಅವರ ಜೀವನವನ್ನು ಇಂದು ನೆನೆಯುವುದಕ್ಕೆ ಪ್ರಬಲವಾದ ಕಾರಣವಿದೆ. ೨೦೧೯-೨೧ರ ಅವಧಿಯಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ ವರ್ಷ ಮೀರಿದ ಪುರುಷರಲ್ಲಿ ಶೇಕಡಾ ೨೪ರಷ್ಟು ಮಂದಿಗೂ ಸ್ತ್ರೀಯರಲ್ಲಿ ಶೇಕಡಾ ೨೧ರಷ್ಟು ಮಂದಿಗೂ ರಕ್ತದೊತ್ತಡ ಹೆಚ್ಚಾಗಿತ್ತು, ಇಲ್ಲವೇ ಅದಕ್ಕಾಗಿ ಅವರು ಔಷಧಿ ಸೇವಿಸುತ್ತಿದ್ದರು. ಈ ವ್ಯಾಧಿ ಬಹುಕಾಲ ಯಾವ ನೋವನ್ನೂ ಕೊಡುವುದಿಲ್ಲ. ಸದ್ದಿಲ್ಲದೆ ಹೃದಯ, ಮೆದುಳು, ಮೂತ್ರಪಿಂಡ, ಕಣ್ಣುಗಳನ್ನು ಸವೆಸುತ್ತ ಹೋಗಿ, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಎರಗುತ್ತದೆ. ಇಂತಹ ವ್ಯಾಧಿಯ ನಿವಾರಣೆಯಲ್ಲಿ ಉಸಿರಾಟದ ಅಭ್ಯಾಸಕ್ಕೆ ಎಷ್ಟು ಸ್ಥಾನವಿದೆ, ಎಷ್ಟಿಲ್ಲ ಎಂಬ ಪ್ರಶ್ನೆಗೆ ಭಾವಾವೇಶದಿಂದಲ್ಲ, ಪರೀಕ್ಷೆಯಿಂದ ಉತ್ತರ ಹುಡುಕಬೇಕೆಂಬ ದಾರಿಯನ್ನು ನಮ್ಮ ದೇಶದಲ್ಲಿ ಮೊದಮೊದಲು ತೋರಿದವರು ಕುವಲಯಾನಂದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕುವಲಯಾನಂದರ ಪೂರ್ವಾಶ್ರಮದ ಹೆಸರು ಜಗನ್ನಾಥ ಗಣೇಶ ಗುಣೆ. ಅವರು ೧೮೮೩ನೆಯ ಇಸವಿಯ ಆಗಸ್ಟ್ ೩೦ರಂದು ಗುಜರಾತಿನ ಡಭೋಯಿ ಎಂಬ ಊರಿನಲ್ಲಿ, ಮಹಾರಾಷ್ಟ್ರೀಯ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಗಣೇಶ ಲಕ್ಷ್ಮಣ ಗುಣೆಯವರು ಉಪಾಧ್ಯಾಯರು; ತಾಯಿ ಸರಸ್ವತೀಬಾಯಿಯವರು ಗೃಹಿಣಿ. ಮನೆಯಲ್ಲಿ ಬಡತನ ಕಾಲು ಮುರಿದುಕೊಂಡು ಬಿದ್ದಿತ್ತು. ಪರರ ನೆರವಿನಿಂದ, ದಾನಿಗಳ ಕೃಪೆಯಿಂದ ಬಾಲಕ ಜಗನ್ನಾಥನು ಓದನ್ನು ಮುಂದುವರಿಸಬೇಕಾಯಿತು. ಆದರೆ ಪ್ರತಿಭೆಗೆ ಬಡತನವು ಅಡ್ಡಿಯಾಗಲಿಲ್ಲ. ೧೯೦೩ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಸಂಸ್ಕೃತದಲ್ಲಿ ತೋರಿದ ಪ್ರಾವೀಣ್ಯಕ್ಕಾಗಿ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವು ಅವರಿಗೆ ದೊರೆಯಿತು. ಆ ಕಾಲದ ಮುಂಬಯಿ ಪ್ರಾಂತದ ವಿದ್ಯಾರ್ಥಿಗಳಿಗೆ ಅದು ದೊಡ್ಡ ಗೌರವವಾಗಿತ್ತು. ಆ ವೇತನದ ಬಲದಿಂದ ಅವರು ಬಡೋದೆಯ ಕಾಲೇಜನ್ನು ಸೇರಿ ೧೯೧೦ರಲ್ಲಿ ಪದವೀಧರರಾದರು.

ಬಡೋದೆಯ ವಾಸವು ತರುಣ ಗುಣೆಯವರ ಬದುಕಿಗೆ ದಿಕ್ಕು ತೋರಿತು. ಆ ಕಾಲೇಜಿನಲ್ಲಿ ಆಗ ಅರವಿಂದ ಘೋಷರು ಅಧ್ಯಾಪಕರಾಗಿದ್ದರು. ಅವರ ವಿಚಾರಗಳೂ ಲೋಕಮಾನ್ಯ ತಿಲಕರ ರಾಷ್ಟ್ರೀಯ ಚಳವಳಿಯೂ ಗುಣೆಯವರ ಹೃದಯದಲ್ಲಿ ದೇಶಭಕ್ತಿಯ ಕಿಡಿಯನ್ನು ಹೊತ್ತಿಸಿದವು. ವಿದ್ಯಾರ್ಥಿದಶೆಯಲ್ಲಿಯೇ ಅವರು ಆಜೀವ ಬ್ರಹ್ಮಚರ್ಯವನ್ನು ಪಾಲಿಸಿ ಜನಸೇವೆಯಲ್ಲಿ ತೊಡಗುವ ಸಂಕಲ್ಪ ಮಾಡಿದರು. ಇದೇ ಊರಿನ ಜುಮ್ಮಾದಾದಾ ವ್ಯಾಯಾಮಶಾಲೆಯಲ್ಲಿ ರಾಜರತ್ನ ಮಾಣಿಕರಾಯರು ಭಾರತೀಯ ವ್ಯಾಯಾಮ ಪದ್ಧತಿಯನ್ನು ಕಲಿಸುತ್ತಿದ್ದರು. ೧೯೦೭ರಿಂದ ೧೯೧೦ರವರೆಗೆ ಗುಣೆಯವರು ಅವರ ಶಿಷ್ಯರಾಗಿ ಅಂಗಸಾಧನೆಯನ್ನು ಕ್ರಮವಾಗಿ ಅಭ್ಯಸಿಸಿದರು. ದುರ್ಬಲ ಶರೀರದ ಜನರಿಂದ ಸ್ವತಂತ್ರ ರಾಷ್ಟ್ರದ ನಿರ್ಮಾಣವು ಸಾಧ್ಯವಿಲ್ಲವೆಂಬ ನಂಬಿಕೆ ಅಲ್ಲಿಂದ ಅವರಲ್ಲಿ ಬೇರೂರಿತು.

ಉಪಾಧ್ಯಾಯ ವೃತ್ತಿ ಮತ್ತು ಗುರುದರ್ಶನ

ವಿದ್ಯಾಭ್ಯಾಸ ಮುಗಿದ ಮೇಲೆ ಅವರು ಆರಿಸಿಕೊಂಡದ್ದು ಉಪಾಧ್ಯಾಯ ವೃತ್ತಿಯನ್ನು. ೧೯೧೬ರಿಂದ ಖಾನದೇಶದ ಅಮಳನೇರದಲ್ಲಿ ಖಾನದೇಶ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಬೋಧಿಸುತ್ತ, ೧೯೨೦ರಲ್ಲಿ ಅಲ್ಲಿಯ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾದರು. ಭಾರತೀಯ ಸಂಸ್ಕೃತಿಯ ಅಧ್ಯಯನಕ್ಕೂ ಶರೀರದಾರ್ಢ್ಯಕ್ಕೂ ಅವರು ಸಮಾನ ಪ್ರಾಶಸ್ತ್ಯವನ್ನಿತ್ತರು. ಹಳ್ಳಿಗಾಡಿನ ಜನರ ಮೂಢನಂಬಿಕೆಯನ್ನೂ ಅಜ್ಞಾನವನ್ನೂ ಸಮೀಪದಿಂದ ಕಂಡು, ಶಿಕ್ಷಣವೊಂದೇ ಅದಕ್ಕೆ ಮದ್ದೆಂದು ಮನಗಂಡರು. ಆದರೆ ರಾಷ್ಟ್ರೀಯ ಭಾವನೆಯು ತುಂಬಿದ್ದ ಆ ಕಾಲೇಜು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಸಲ್ಲಲಿಲ್ಲ. ೧೯೨೩ರಲ್ಲಿ ಅದು ಮುಚ್ಚಿಹೋಯಿತು. ಸಾಮಾನ್ಯರಾದವರಿಗೆ ಇದು ದೊಡ್ಡ ಪೆಟ್ಟಾಗುತ್ತಿತ್ತು. ಗುಣೆಯವರಿಗಾದರೋ ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು.

ಬಡೋದೆಗೆ ಅನತಿದೂರದಲ್ಲಿ, ನರ್ಮದಾ ತೀರದ ಮಾಲಸರ ಎಂಬಲ್ಲಿ ಪರಮಹಂಸ ಮಾಧವದಾಸರೆಂಬ ವಯೋವೃದ್ಧ ಯೋಗಿಗಳು ನೆಲೆಸಿದ್ದರು. ಅವರು ಮೂಲತಃ ಬಂಗಾಳದವರು. ಮುಂಬಯಿಯಲ್ಲಿ ೧೯೧೮ರಲ್ಲಿ ಯೋಗ ಸಂಸ್ಥೆಯನ್ನು ಸ್ಥಾಪಿಸಿದ ಶ್ರೀ ಯೋಗೇಂದ್ರರೂ ಅವರ ಶಿಷ್ಯರೇ. ೧೯೧೯ರಲ್ಲಿ ಗುಣೆಯವರಿಗೆ ಈ ಗುರುಗಳ ದರ್ಶನವಾಯಿತು. ಗುರುಸಾನ್ನಿಧ್ಯದ ಕಾಲವು ದೀರ್ಘವಾಗಿರಲಿಲ್ಲವಾದರೂ ಅಲ್ಲಿ ದೊರೆತ ಯೋಗದೀಕ್ಷೆ ಅವರ ಉಳಿದ ಜೀವನವನ್ನೆಲ್ಲ ಆವರಿಸಿತು. ಗುರುಗಳು ಕಲಿಸಿದ ಕ್ರಿಯೆಗಳ ಫಲವನ್ನು ಗುಣೆಯವರು ತಮ್ಮ ದೇಹದಲ್ಲಿಯೇ ಅನುಭವಿಸಿದರು. ಆದರೆ ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಈ ಕ್ರಿಯೆಗಳನ್ನು ಮಾಡುವಾಗ ಶರೀರದ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಗುರುವಾಕ್ಯದಲ್ಲಿ ಅಚಲವಾದ ಶ್ರದ್ಧೆ, ಅದನ್ನು ಪರೀಕ್ಷಿಸಿ ನೋಡುವ ಹಂಬಲ ಇವೆರಡೂ ಒಬ್ಬನೇ ಸಾಧಕನಲ್ಲಿ ಒಂದಕ್ಕೊಂದು ವಿರೋಧವಿಲ್ಲದೆ ನೆಲೆಸಿದ್ದು ಅವರ ವೈಶಿಷ್ಟ್ಯ.

ಬಡೋದೆಯ ಆಸ್ಪತ್ರೆಯಲ್ಲಿ

೧೯೨೦-೨೧ರ ಸುಮಾರಿಗೆ ಅವರು ತಮ್ಮ ಕೆಲವು ವಿದ್ಯಾರ್ಥಿಗಳ ನೆರವಿನಿಂದ ಬಡೋದೆಯ ಆಸ್ಪತ್ರೆಯಲ್ಲಿ ಪ್ರಯೋಗಗಳನ್ನು ಕೈಗೊಂಡರು. ಉಡ್ಡಿಯಾನ ಮತ್ತು ನೌಲಿ ಎಂಬ ಎರಡು ಯೌಗಿಕ ಕ್ರಿಯೆಗಳನ್ನು ಮಾಡುತ್ತಿರುವ ವ್ಯಕ್ತಿಯ ಹೊಟ್ಟೆಯ ಒಳಭಾಗವನ್ನು ಕ್ಷ-ಕಿರಣಗಳ ಸಹಾಯದಿಂದ ಪರೀಕ್ಷಿಸಿದರು. ಉಸಿರನ್ನು ಪೂರ್ತಿಯಾಗಿ ಹೊರಬಿಟ್ಟು ಹೊಟ್ಟೆಯನ್ನು ಒಳಕ್ಕೆ ಸೆಳೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವಣ ವಪೆಯು ಮೇಲಕ್ಕೇರುವುದು ಕಂಡಿತು. ನೌಲಿಯನ್ನು ಮಾಡುವಾಗ ದೊಡ್ಡಕರುಳಿನೊಳಗಣ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಮೆಯಾಗುವುದೆಂಬುದೂ ಮಾಪಕದಿಂದ ತಿಳಿದುಬಂದಿತು. ಹಠಯೋಗಿಗಳು ಕರುಳಿನೊಳಕ್ಕೆ ನೀರನ್ನು ಸೆಳೆದುಕೊಳ್ಳುವ ಬಸ್ತಿ ಕ್ರಿಯೆಯಲ್ಲಿ ಯಾವ ಪವಾಡವೂ ಇಲ್ಲ, ಒತ್ತಡದ ಏರುಪೇರೇ ಅದಕ್ಕೆ ಕಾರಣ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ನಿರ್ವಾತ ಸ್ಥಿತಿಗೆ ಅವರು ತಮ್ಮ ಗುರುಗಳಾದ ಮಾಧವದಾಸರ ಹೆಸರನ್ನೇ ಇಟ್ಟರು. ಗುರುವಿಗೆ ಗುಡಿ ಕಟ್ಟಿದ ಶಿಷ್ಯರು ಹಲವರಿರಬಹುದು. ಪ್ರಯೋಗಶಾಲೆಯಲ್ಲಿ ಅಳೆದು ಕಂಡ ಸತ್ಯವೊಂದಕ್ಕೆ ಗುರುವಿನ ಹೆಸರನ್ನಿಟ್ಟವರು ವಿರಳ.

ಕೈವಲ್ಯಧಾಮದ ಸ್ಥಾಪನೆ

೧೯೨೪ರ ಅಕ್ಟೋಬರ್ ತಿಂಗಳಿನಲ್ಲಿ, ಮುಂಬಯಿಗೂ ಪುಣೆಗೂ ನಡುವೆ ಸಹ್ಯಾದ್ರಿಯ ಮಡಿಲಲ್ಲಿರುವ ಲೋಣಾವಳಾದಲ್ಲಿ ಅವರು ಕೈವಲ್ಯಧಾಮವನ್ನು ಸ್ಥಾಪಿಸಿದರು. ಆಶ್ರಮದ ಸರಳತೆ ಹಾಗೂ ಸಂಶೋಧನಾಲಯದ ಶಿಸ್ತು ಒಂದೇ ಆವರಣದಲ್ಲಿ ಕೂಡಿಕೊಂಡ ಸಂಸ್ಥೆ ಇದು. ಅದೇ ವರ್ಷ ಯೋಗಮೀಮಾಂಸಾ ಎಂಬ ತ್ರೈಮಾಸಿಕ ಪತ್ರಿಕೆಯನ್ನೂ ಆರಂಭಿಸಿದರು. ಯೋಗಕ್ರಿಯೆಗಳ ಮೇಲಿನ ಪ್ರಯೋಗಗಳ ವಿವರಗಳು, ಅಳತೆಯ ಕೋಷ್ಟಕಗಳು, ಕ್ಷ-ಕಿರಣ ಚಿತ್ರಗಳು ಅದರಲ್ಲಿ ಪ್ರಕಟವಾಗತೊಡಗಿದವು. ಜೊತೆಗೆ ಸಾಮಾನ್ಯ ಗೃಹಸ್ಥರಿಗೆ ಉಪಯುಕ್ತವಾದ ಆಸನ ಪ್ರಾಣಾಯಾಮಗಳ ವಿವರಣೆಯೂ ಇರುತ್ತಿತ್ತು. ಪಂಡಿತರಿಗೂ ಪಾಮರರಿಗೂ ಒಂದೇ ಪತ್ರಿಕೆಯಲ್ಲಿ ಸ್ಥಾನವಿತ್ತ ಈ ಕ್ರಮದಲ್ಲಿ ಅವರೊಳಗಿನ ಉಪಾಧ್ಯಾಯನನ್ನು ಕಾಣಬಹುದು.

ರಕ್ತದೊತ್ತಡದ ಪ್ರಯೋಗಗಳು

ಕುವಲಯಾನಂದರ ಕಾರ್ಯದ ಮಹತ್ವವನ್ನು ಅರಿಯಬೇಕಾದರೆ ಆ ಕಾಲದ ವೈದ್ಯಕೀಯ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ತೋಳಿಗೆ ಪಟ್ಟಿ ಬಿಗಿದು ಪಾದರಸದ ಕಂಬದಿಂದ ರಕ್ತದೊತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೋಚಿ ಎಂಬ ವೈದ್ಯರು ೧೮೯೬ರಲ್ಲಿ ರೂಪಿಸಿದರು. ನಾಡಿಯ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಒತ್ತಡಗಳೆರಡನ್ನೂ ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕೋವ್ ಎಂಬುವರು ೧೯೦೫ರಲ್ಲಿ ತಿಳಿಸಿದರು. ಹೀಗೆ ಅಳೆಯುವ ಸಾಧನವೇನೋ ಬಂದಿತ್ತು. ಇಳಿಸುವ ಸಾಧನ ಮಾತ್ರ ಇರಲಿಲ್ಲ. ನಮ್ಮ ದೇಶದ ಸರ್ಪಗಂಧಿ ಎಂಬ ಮೂಲಿಕೆಯ ಗುಣವನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದ್ದು ೧೯೪೯ರಲ್ಲಿ. ಮೂತ್ರದ ಮೂಲಕ ಲವಣವನ್ನು ಹೊರಹಾಕಿ ಒತ್ತಡವನ್ನು ತಗ್ಗಿಸುವ ಗುಳಿಗೆಗಳು ಬಳಕೆಗೆ ಬಂದದ್ದು ೧೯೫೦ರ ದಶಕದ ಕೊನೆಯಲ್ಲಿ. ಅದಕ್ಕೆ ಮುಂಚೆ ವಿಶ್ರಾಂತಿ ಮತ್ತು ಪಥ್ಯಗಳ ಹೊರತು ವೈದ್ಯರ ಬಳಿ ಹೇಳಿಕೊಳ್ಳುವಂತಹ ಉಪಾಯವಿರಲಿಲ್ಲ.

ಇಂತಹ ಕಾಲದಲ್ಲಿ, ೧೯೨೬ರಲ್ಲಿ, ಯೋಗಮೀಮಾಂಸಾ ಪತ್ರಿಕೆಯು ಆಸನಗಳು ರಕ್ತದೊತ್ತಡದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಕುರಿತ ಪ್ರಯೋಗಗಳನ್ನು ಪ್ರಕಟಿಸಿತು. ಸರ್ವಾಂಗಾಸನ, ಮತ್ಸ್ಯಾಸನ ಮೊದಲಾದವುಗಳಲ್ಲಿ ನಿಂತ ಅಭ್ಯಾಸಿಗಳ ಒತ್ತಡವನ್ನು ಅಳೆದು, ಆ ಅಂಕಿಗಳನ್ನು ಓದುಗರ ಮುಂದಿಡಲಾಯಿತು. ಯೌಗಿಕ ಆಸನಗಳು ಬಿರುಸಾದ ವ್ಯಾಯಾಮದಷ್ಟು ಭಾರವನ್ನು ಹೃದಯದ ಮೇಲೆ ಹೇರುವುದಿಲ್ಲ ಎಂಬ ಅಭಿಪ್ರಾಯಕ್ಕೆ ಕುವಲಯಾನಂದರು ಬಂದರು. ಈ ಪ್ರಯೋಗಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಚಿಕ್ಕದು. ಇಂದಿನ ಸಂಶೋಧನೆಯ ಕಟ್ಟುನಿಟ್ಟಿಗೆ ಅವು ಸಾಲವು. ಆದರೂ ಯೋಗದ ಫಲವನ್ನು ಹೊಗಳಿಕೆಯಿಂದಲ್ಲದೆ ಪಾದರಸದ ಮಿಲಿಮೀಟರುಗಳಿಂದ ಹೇಳತೊಡಗಿದ್ದು ಹೊಸ ಯುಗವೊಂದರ ಆರಂಭವಾಗಿತ್ತು.

ನಂದಿಬೆಟ್ಟಕ್ಕೆ ಬಂದ ಸಲಹೆಗಳು

ಈ ಪ್ರಯೋಗಗಳು ಪ್ರಕಟವಾದ ಮರುವರ್ಷವೇ ಕುವಲಯಾನಂದರ ವಿದ್ಯೆಗೆ ದೊಡ್ಡ ಹೊಣೆಯೊಂದು ಎದುರಾಯಿತು. ೧೯೨೭ರ ಮಾರ್ಚ್ ತಿಂಗಳ ಕೊನೆಯಲ್ಲಿ ಖಾದಿ ಪ್ರಚಾರಕ್ಕಾಗಿ ಸಂಚರಿಸುತ್ತಿದ್ದ ಮಹಾತ್ಮಾ ಗಾಂಧಿಯವರು ಕೊಲ್ಲಾಪುರದಲ್ಲಿ ತೀವ್ರ ಅಸ್ವಸ್ಥರಾದರು. ಅತಿಶ್ರಮದಿಂದ ರಕ್ತದೊತ್ತಡವು ಏರಿತ್ತು; ಪಾರ್ಶ್ವವಾಯುವಿನ ಭೀತಿಯಿತ್ತು. ವೈದ್ಯರು ದೀರ್ಘ ವಿಶ್ರಾಂತಿಯನ್ನು ವಿಧಿಸಿದರು. ಕೆಲವು ದಿನ ಸಾವಂತವಾಡಿಯ ಬಳಿಯ ಅಂಬೋಲಿಯಲ್ಲಿದ್ದು, ಏಪ್ರಿಲ್ ತಿಂಗಳಿನಲ್ಲಿ ಗಾಂಧಿಯವರು ಮೈಸೂರು ಸಂಸ್ಥಾನದ ನಂದಿಬೆಟ್ಟಕ್ಕೆ ಬಂದರು. ಜೂನ್ ತಿಂಗಳ ಮೊದಲ ವಾರದವರೆಗೆ ಅಲ್ಲಿದ್ದು, ಅನಂತರ ಬೆಂಗಳೂರಿನಲ್ಲಿ ವಿಶ್ರಾಂತಿಯನ್ನು ಮುಂದುವರಿಸಿದರು. ಕನ್ನಡ ನಾಡಿನ ತಂಪುಗಾಳಿ ರಾಷ್ಟ್ರಪಿತನ ಆರೈಕೆ ಮಾಡಿದ ಆ ತಿಂಗಳುಗಳಲ್ಲಿ ಲೋಣಾವಳಾದ ಯೋಗಿಗಳಿಗೂ ಅವರಿಗೂ ಪತ್ರವ್ಯವಹಾರ ನಡೆಯಿತು.

ಯಾವ ಚಿಕಿತ್ಸೆಯನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಸ್ವಭಾವ ಗಾಂಧಿಯವರದಲ್ಲ. ಆಹಾರದಲ್ಲಿಯಾಗಲಿ ಉಪವಾಸದಲ್ಲಿಯಾಗಲಿ ಪ್ರತಿಯೊಂದನ್ನೂ ತಮ್ಮ ಮೇಲೆ ಪ್ರಯೋಗಿಸಿ ನೋಡುವವರು ಅವರು. ಕುವಲಯಾನಂದರ ಸಲಹೆಯಂತೆ ಯೌಗಿಕ ಕ್ರಿಯೆಗಳನ್ನು ಅಭ್ಯಾಸ ಮಾಡುತ್ತ, ಅದರ ಅನುಭವವನ್ನೂ ರಕ್ತದೊತ್ತಡದ ಸ್ಥಿತಿಯನ್ನೂ ಪತ್ರಮುಖೇನ ತಿಳಿಸುತ್ತಿದ್ದರು. ಹೀಗೆ ಪರೀಕ್ಷೆಯಲ್ಲಿ ಆಸಕ್ತಿಯುಳ್ಳ ಗುರುವಿಗೆ ಪರೀಕ್ಷೆಯಲ್ಲಿ ಅಷ್ಟೇ ಆಸಕ್ತಿಯುಳ್ಳ ಅಭ್ಯಾಸಿಯೊಬ್ಬರು ದೊರೆತಂತಾಯಿತು. ದೇಶದ ಆಶೋತ್ತರಗಳೆಲ್ಲ ಆ ಒಂದು ಕೃಶ ಶರೀರವನ್ನು ಆಶ್ರಯಿಸಿದ್ದ ಕಾಲವದು. ಸಲಹೆಯಲ್ಲಿ ಒಂದು ತಪ್ಪಾದರೂ ಅದರ ಪರಿಣಾಮ ಏನಾಗಬಹುದಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಗಾಂಧಿಯವರು ಅಂದಿನ ಕಾಯಿಲೆಯಿಂದ ಚೇತರಿಸಿಕೊಂಡರು. ಆದರೆ ಅವರ ರಕ್ತದೊತ್ತಡವು ಶಾಶ್ವತವಾಗಿ ಗುಣವಾಯಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೧೯ರಲ್ಲಿ ಹೊರತಂದ ಅವರ ಆರೋಗ್ಯ ದಾಖಲೆಗಳಲ್ಲಿ ೧೯೩೭ರಲ್ಲಿ ೧೯೪/೧೩೦, ೧೯೪೦ರಲ್ಲಿ ೨೨೦/೧೧೦ ಎಂಬ ಅಂಕಿಗಳು ಕಂಡುಬರುತ್ತವೆ. ದುಡಿಮೆಯ ಭಾರ, ಮನಸ್ಸಿನ ಭಾರ ಹೆಚ್ಚಿದಾಗಲೆಲ್ಲ ಒತ್ತಡವು ಮತ್ತೆ ಏರುತ್ತಿತ್ತು. ಅಧಿಕ ರಕ್ತದೊತ್ತಡವು ಒಮ್ಮೆ ಗೆದ್ದು ಮರೆಯಬಹುದಾದ ಶತ್ರುವಲ್ಲ. ಜೀವಮಾನವೆಲ್ಲ ಕಣ್ಣಿಟ್ಟು ಕಾಯಬೇಕಾದದ್ದು ಎಂಬ ಪಾಠವನ್ನು ಈ ಅಂಕಿಗಳು ಕಲಿಸುತ್ತವೆ.

ಪ್ರಾಣಾಯಾಮದ ತತ್ತ್ವವಿಚಾರ

೧೯೩೧ರಲ್ಲಿ ಕುವಲಯಾನಂದರ ಆಸನ ಮತ್ತು ಪ್ರಾಣಾಯಾಮ ಕುರಿತ ಗ್ರಂಥಗಳು ಪ್ರಕಟವಾದವು. ಪ್ರಾಣಾಯಾಮದಿಂದ ಶರೀರಕ್ಕೆ ಹೇರಳವಾಗಿ ಆಮ್ಲಜನಕ ದೊರೆಯುತ್ತದೆ, ಆದುದರಿಂದಲೇ ಆರೋಗ್ಯವು ಸುಧಾರಿಸುತ್ತದೆ ಎಂಬುದು ಆ ಕಾಲದ ಜನಪ್ರಿಯ ನಂಬಿಕೆ. ಯೋಗದ ಮಹಿಮೆಯನ್ನು ಸಾರಲು ಇದಕ್ಕಿಂತ ಸುಲಭವಾದ ಮಾತು ಬೇರೆ ಇರಲಿಲ್ಲ. ಆದರೆ ಕುವಲಯಾನಂದರು ಅದನ್ನು ಹಾಗೆಯೇ ಒಪ್ಪಲಿಲ್ಲ. ಉಸಿರಿನಲ್ಲಿ ಒಳಹೋಗುವ ಆಮ್ಲಜನಕವನ್ನೂ ಹೊರಬರುವ ಇಂಗಾಲದ ಡೈಆಕ್ಸೈಡನ್ನೂ ಅಳೆಯುವ ಪ್ರಯೋಗಗಳನ್ನು ನಡೆಸಿ ೧೯೩೦ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಪ್ರಾಣಾಯಾಮದ ಮುಖ್ಯ ಫಲವು ಆಮ್ಲಜನಕದ ಸಂಗ್ರಹದಲ್ಲಿಲ್ಲ. ಎದೆ ಮತ್ತು ಹೊಟ್ಟೆಗಳ ಒಳಗೆ ಉಂಟಾಗುವ ಒತ್ತಡದ ಬದಲಾವಣೆಗಳಲ್ಲಿಯೂ ನರಮಂಡಲಕ್ಕೆ ದೊರೆಯುವ ಶಿಕ್ಷಣದಲ್ಲಿಯೂ ಇದೆ ಎಂಬುದು ಅವರ ನಿಲುವಾಗಿತ್ತು. ತಮ್ಮ ವಿದ್ಯೆಗೆ ಕೀರ್ತಿ ತರುವ ನಂಬಿಕೆಯನ್ನೇ ಪ್ರಶ್ನಿಸುವುದಕ್ಕೆ ಅಸಾಧಾರಣವಾದ ಧೈರ್ಯವೂ ಸತ್ಯನಿಷ್ಠೆಯೂ ಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿದ್ದ ಕೇರಳದ ಕೊವೂರ್ ಬೆಹನನ್ ಎಂಬುವರು ಈ ದಶಕದಲ್ಲಿ ಲೋಣಾವಳಾಕ್ಕೆ ಬಂದು ಕುವಲಯಾನಂದರಲ್ಲಿ ಯೋಗಾಭ್ಯಾಸ ಮಾಡಿದರು. ತಮ್ಮ ಮೇಲೆಯೇ ಪ್ರಯೋಗ ನಡೆಸಿ ೧೯೩೭ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಉಜ್ಜಾಯಿ ಪ್ರಾಣಾಯಾಮವನ್ನು ಮಾಡುವಾಗ ಆಮ್ಲಜನಕದ ಬಳಕೆಯು ಶೇಕಡಾ ೨೪ಕ್ಕೂ ಮಿಗಿಲಾಗಿ ಹೆಚ್ಚುವುದನ್ನು ಅವರು ದಾಖಲಿಸಿದರು. ಕಲಿಸಿದ ಗುರುವಿನ ಮಾತನ್ನು ಕಲಿತವನು ಮತ್ತೆ ಅಳೆದು ನೋಡುವ ಪದ್ಧತಿಗೆ ಲೋಣಾವಳಾದಲ್ಲಿ ಅಡ್ಡಿಯಿರಲಿಲ್ಲ. ಅಳೆದು ನೋಡುವುದನ್ನೇ ಆ ಗುರುಗಳು ಬಯಸಿದ್ದರು.

ಸಂಸ್ಥೆಯ ಬೆಳವಣಿಗೆ

ವಿದ್ಯೆಯು ಬೆಳೆದಂತೆ ಅದನ್ನು ಜನರ ಬಳಿಗೆ ಒಯ್ಯುವ ಕಾರ್ಯವೂ ಬೆಳೆಯಿತು. ೧೯೩೨ರಲ್ಲಿ ಮುಂಬಯಿಯ ಸಾಂತಾಕ್ರೂಜಿನಲ್ಲಿ ಕೈವಲ್ಯಧಾಮದ ಶಾಖೆಯೊಂದು ತೆರೆಯಿತು. ೧೯೩೬ರಲ್ಲಿ ಅದು ಕಡಲತೀರದ ಮರೀನ್ ಡ್ರೈವಿಗೆ ಸ್ಥಳಾಂತರಗೊಂಡು ಈಶ್ವರದಾಸ ಚುನೀಲಾಲ ಯೌಗಿಕ ಆರೋಗ್ಯ ಕೇಂದ್ರವೆಂಬ ಹೆಸರನ್ನು ಪಡೆಯಿತು. ವ್ಯಾಪಾರ ಹಾಗೂ ಕಚೇರಿಗಳ ಗಡಿಬಿಡಿಯಲ್ಲಿ ಬೆಂದ ನಗರವಾಸಿಗಳಿಗೆ ಅಲ್ಲಿ ಯೌಗಿಕ ಚಿಕಿತ್ಸೆ ದೊರೆಯತೊಡಗಿತು. ೧೯೪೩ರಲ್ಲಿ ರಾಜಕೋಟೆಯಲ್ಲಿ ಮತ್ತೊಂದು ಶಾಖೆ, ೧೯೫೧ರಲ್ಲಿ ಲೋಣಾವಳಾದಲ್ಲಿ ಗೋವರ್ಧನದಾಸ ಸೇಕ್ಸರಿಯಾ ಯೋಗ ಮಹಾವಿದ್ಯಾಲಯ, ೧೯೬೧ರಲ್ಲಿ ಅಮೋಲಕದೇವಿ ತೀರಥರಾಮ ಗುಪ್ತಾ ಯೌಗಿಕ ಆಸ್ಪತ್ರೆ ಹೀಗೆ ಸಂಸ್ಥೆಯು ಕವಲೊಡೆದು ಬೆಳೆಯಿತು. ಈ ಹೆಸರುಗಳೇ ತಿಳಿಸುವಂತೆ, ಉದಾರಿಗಳಾದ ದಾನಿಗಳ ಧನವು ಆ ಯೋಗಿಗಳ ತಪಸ್ಸಿಗೆ ಆಸರೆಯಾಯಿತು. ಪರರ ನೆರವಿನಿಂದ ಓದಿದ ಬಡ ಬಾಲಕನೊಬ್ಬನು ಆ ಋಣವನ್ನು ಸಾವಿರಾರು ರೋಗಿಗಳಿಗೆ ಆರೋಗ್ಯದ ರೂಪದಲ್ಲಿ ಮರಳಿಸಿದನು.

ಶಾಲಾಬಾಲಕರ ಶರೀರ ಶಿಕ್ಷಣವೂ ಅವರ ಆಸಕ್ತಿಯ ಕ್ಷೇತ್ರವಾಗಿತ್ತು. ಮುಂಬಯಿ ಸರ್ಕಾರದ ದೈಹಿಕ ಶಿಕ್ಷಣದ ಯೋಜನೆಗಳಲ್ಲಿ ಅವರ ಸಲಹೆಗೆ ಮನ್ನಣೆಯಿತ್ತು. ಅನೇಕ ಮಕ್ಕಳು ಒಟ್ಟಾಗಿ ಮಾಡಬಹುದಾದ ಸಾಮೂಹಿಕ ಯೌಗಿಕ ವ್ಯಾಯಾಮ ಕ್ರಮವೊಂದನ್ನು ಅವರು ರೂಪಿಸಿದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು ಎಂಬುದನ್ನು ಇಲ್ಲಿ ಸ್ಮರಿಸಬಹುದು. ೧೯೬೩ರಲ್ಲಿ ಡಾ. ಎಸ್. ಎಲ್. ವಿನೇಕರರೊಡನೆ ಅವರು ರಚಿಸಿದ ಯೌಗಿಕ ಚಿಕಿತ್ಸೆ ಕುರಿತ ಗ್ರಂಥವನ್ನು ಭಾರತ ಸರ್ಕಾರದ ಆರೋಗ್ಯ ಇಲಾಖೆಯೇ ಪ್ರಕಟಿಸಿತು. ಹೀಗೆ ಎಂಬತ್ತರ ಅಂಚಿನಲ್ಲಿಯೂ ದುಡಿಯುತ್ತಿದ್ದ ಸ್ವಾಮಿಗಳು ೧೯೬೬ರ ಏಪ್ರಿಲ್ ೧೮ರಂದು ದೇಹತ್ಯಾಗ ಮಾಡಿದರು.

ಬಿತ್ತಿದ ಬೀಜದ ಫಲ

ಅವರು ಹಾಕಿಕೊಟ್ಟ ದಾರಿಯಲ್ಲಿ ಅನೇಕರು ಮುಂದೆ ನಡೆದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಖ್ಯಾತ ಹೃದ್ರೋಗತಜ್ಞ ಡಾ. ಕೆ. ಕೆ. ದಾತೆ ಮತ್ತು ಅವರ ಸಂಗಡಿಗರು ರಕ್ತದೊತ್ತಡದ ೪೭ ರೋಗಿಗಳಿಗೆ ಶವಾಸನವನ್ನೂ ಅದರೊಡನೆ ನಿಧಾನವಾದ ಲಯಬದ್ಧ ಉಸಿರಾಟವನ್ನೂ ಕಲಿಸಿ, ಪರಿಣಾಮಗಳನ್ನು ೧೯೬೯ರಲ್ಲಿ ಪ್ರಕಟಿಸಿದರು. ಹಲವರಲ್ಲಿ ಒತ್ತಡವು ಇಳಿಯಿತು. ಕೆಲವರಿಗೆ ಔಷಧಿಯ ಪ್ರಮಾಣವನ್ನು ತಗ್ಗಿಸುವುದು ಸಾಧ್ಯವಾಯಿತು. ೧೯೭೩ರಲ್ಲಿ ಇಂಗ್ಲೆಂಡಿನ ವೈದ್ಯೆ ಡಾ. ಚಂದ್ರಾ ಪಟೇಲರು ಇಂತಹದೇ ಅಭ್ಯಾಸದ ಫಲವನ್ನು ಲಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ೨೦೦೧ರಲ್ಲಿ ಇಟಲಿಯ ಡಾ. ಬರ್ನಾರ್ಡಿ ಮತ್ತು ಸಂಗಡಿಗರು, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಯೋಗದ ಮಂತ್ರಜಪವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ಆರು ಬಾರಿಗೆ ಇಳಿಸುತ್ತದೆಂದೂ ಆ ಲಯದಲ್ಲಿ ರಕ್ತದೊತ್ತಡವನ್ನು ಕಾಯುವ ನರವ್ಯವಸ್ಥೆಯು ಹೆಚ್ಚು ಚುರುಕಾಗುತ್ತದೆಂದೂ ತೋರಿಸಿದರು.

ಈ ನರವ್ಯವಸ್ಥೆಯ ಕಾರ್ಯವು ಸ್ವಾರಸ್ಯಕರವಾಗಿದೆ. ಕೊರಳಿನ ಅಪಧಮನಿಗಳಲ್ಲಿಯೂ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿಯೂ ಒತ್ತಡವನ್ನು ಗ್ರಹಿಸುವ ಸೂಕ್ಷ್ಮ ನರತುದಿಗಳಿವೆ. ಒತ್ತಡ ಏರಿದೊಡನೆ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ; ಮೆದುಳು ಹೃದಯದ ವೇಗವನ್ನು ತಗ್ಗಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ರಕ್ತದೊತ್ತಡದ ರೋಗಿಗಳಲ್ಲಿ ಈ ಕಾವಲು ಮಂದವಾಗಿರುತ್ತದೆ. ನಿಧಾನವಾದ ಉಸಿರಾಟವು ಅದನ್ನು ಎಚ್ಚರಗೊಳಿಸುತ್ತದೆ. ದೇಹವನ್ನು ಸದಾ ಕದನಕ್ಕೆ ಸಜ್ಜುಗೊಳಿಸುವ ನರಗಳ ಆವೇಗವನ್ನು ಶಮನಗೊಳಿಸುತ್ತದೆ. ಪ್ರಾಣಾಯಾಮದ ಫಲವನ್ನು ನರಮಂಡಲದಲ್ಲಿ ಹುಡುಕಬೇಕೆಂದ ಕುವಲಯಾನಂದರ ದೃಷ್ಟಿಯು ಎಷ್ಟು ದೂರಗಾಮಿಯಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಅಭ್ಯಾಸಿಗಳಿಗೆ ಕೆಲವು ಎಚ್ಚರಿಕೆಗಳು

ಅಭ್ಯಾಸವು ಅತ್ಯಂತ ಸರಳ. ಹೊಟ್ಟೆ ತುಂಬಿರದ ಹೊತ್ತಿನಲ್ಲಿ ಬೆನ್ನನ್ನು ನೆಟ್ಟಗಿರಿಸಿ ಸುಖವಾಗಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು 
ಹೊತ್ತು ಪೂರಕವನ್ನೂ ಆರು ಎಣಿಸುವಷ್ಟು ಹೊತ್ತು ರೇಚಕವನ್ನೂ ಮಾಡಿದರೆ ನಿಮಿಷಕ್ಕೆ ಸುಮಾರು ಆರು ಉಸಿರುಗಳಾಗುತ್ತವೆ. ನಿತ್ಯವೂ ಹತ್ತು ಹದಿನೈದು ನಿಮಿಷ, ಬಲವಂತವಿಲ್ಲದೆ, ತಿಂಗಳುಗಟ್ಟಲೆ ನಡೆಸಬೇಕು. ತಲೆ ತಿರುಗಿದರೆ ಒಡನೆಯೇ ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು. ರಕ್ತದೊತ್ತಡವುಳ್ಳವರು ದೀರ್ಘ ಕುಂಭಕವನ್ನೂ ಭಸ್ತ್ರಿಕಾ, ಕಪಾಲಭಾತಿಗಳಂತಹ ರಭಸದ ಕ್ರಿಯೆಗಳನ್ನೂ ಶೀರ್ಷಾಸನದಂತಹ ತಲೆಕೆಳಗಾದ ಆಸನಗಳನ್ನೂ ವರ್ಜಿಸುವುದು ಕ್ಷೇಮ.

ಇದರ ಮಿತಿಯನ್ನೂ ಅರಿತಿರಬೇಕು. ಉಸಿರಾಟದ ಅಭ್ಯಾಸದಿಂದ ಸಾಮಾನ್ಯವಾಗಿ ಇಳಿಯುವುದು ಪಾದರಸದ ಕೆಲವೇ ಮಿಲಿಮೀಟರುಗಳಷ್ಟು ಒತ್ತಡ. ಉಪ್ಪಿನ ಮಿತಿ, ನಿತ್ಯದ ನಡಿಗೆ, ದೇಹತೂಕದ ಹತೋಟಿ, ತಂಬಾಕು ಮದ್ಯಗಳ ತ್ಯಾಗ ಇವುಗಳ ಸಾಲಿನಲ್ಲಿ ಅದೂ ಒಂದು ಸಹಾಯಕ ಸಾಧನ. ವೈದ್ಯರು ಕೊಟ್ಟ ಔಷಧಿಗೆ ಅದು ಬದಲಿಯಲ್ಲ. ಪ್ರಾಣಾಯಾಮ ಮಾಡುತ್ತಿರುವೆನೆಂಬ ಧೈರ್ಯದಿಂದ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಔಷಧಿಯನ್ನು ಕಡಮೆ ಮಾಡುವ ನಿರ್ಧಾರವು ಮಾಪಕವನ್ನು ನೋಡಿ ವೈದ್ಯರು ಕೈಗೊಳ್ಳಬೇಕಾದದ್ದು. ಅಳತೆಯನ್ನು ಕಡೆಗಣಿಸಿದ ಯೋಗವು ಕುವಲಯಾನಂದರು ಕಲಿಸಿದ ಯೋಗವಾಗಲಾರದು.

ಆದರ್ಶ ಜೀವನ

ಸ್ವಾಮಿ ಕುವಲಯಾನಂದರು ಕಟ್ಟಿದ ಕೈವಲ್ಯಧಾಮವು ೨೦೨೪ರಲ್ಲಿ ನೂರು ವರ್ಷಗಳನ್ನು ಪೂರೈಸಿತು. ಪರಂಪರೆಯನ್ನು ಗೌರವಿಸುವುದೆಂದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದೆಂದು ಕೆಲವರೂ, ವಿಜ್ಞಾನವೆಂದರೆ ಪರಂಪರೆಯನ್ನು ತಿರಸ್ಕರಿಸುವುದೆಂದು ಕೆಲವರೂ ತಿಳಿದಿದ್ದ ಕಾಲದಲ್ಲಿ ಅವರು ಎರಡನ್ನೂ ಒಂದೇ ಮನೆಯಲ್ಲಿ ಬಾಳಿಸಿ ತೋರಿಸಿದರು. ವಿದ್ಯಾರ್ಥಿಗಳ ಪ್ರಶ್ನೆಗೆ ಅಂಜದ ಉಪಾಧ್ಯಾಯ, ಪಡೆದ ನೆರವನ್ನು ಮರೆಯದ ವಿದ್ಯಾರ್ಥಿ, ಕೀರ್ತಿಗಿಂತ ಸತ್ಯವನ್ನು ಹಿರಿದೆಂದು ಬಗೆದ ಸಾಧಕ ಈ ಮೂವರನ್ನೂ ಅವರ ಜೀವನದಲ್ಲಿ ಕಾಣಬಹುದು. ವಿದ್ಯಾಸಂಸ್ಥೆಗಳಲ್ಲಿ ದುಡಿಯುವವರೂ ಅಲ್ಲಿ ಓದಿ ಲೋಕದ ಹೊಣೆ ಹೊತ್ತವರೂ ನಡುವಯಸ್ಸು ಸಮೀಪಿಸುತ್ತಲೇ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು, ದಿನಕ್ಕೆ ಹತ್ತು ನಿಮಿಷ ತಮ್ಮ ಉಸಿರಿನ ಕಡೆಗೆ ಗಮನವೀಯುವುದಾದರೆ, ಆ ಕರ್ಮಯೋಗಿಯ ಸ್ಮರಣೆಯು ಸಾರ್ಥಕವಾದೀತು.